ಒಂದೇ ಮನೆಗೆ ಐದು ರೇಟು: ಬೆಲೆ ಸೂಚ್ಯಂಕ ಅಳೆಯುವುದು ಯಾವುದನ್ನು?

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಭಾವನವರದ್ದೊಂದು ಮನೆ ಇತ್ತು. 30×40 ಸೈಟಿನಲ್ಲಿ ಹತ್ತು ಚದರದ ಹಳೇ ಮನೆ. ಮುಂದೆ ಒಂದು ತೆಂಗಿನಮರ, ಸ್ಕೂಟರ್ ಮಾತ್ರ ಹಿಡಿಸುವ ಗೇಟು. ಮಕ್ಕಳಿಬ್ಬರೂ ಬೆಂಗಳೂರು ಸೇರಿದ್ದರು. ಮಾರಿಬಿಡೋಣ ಎಂದು ಭಾವ ಮನಸ್ಸು ಮಾಡಿದರು. ಒಂದು ಭಾನುವಾರ ಬೆಳಿಗ್ಗೆ ಪೇಪರು ಮಡಚಿಕೊಂಡು ನಮ್ಮನೆಗೆ ಬಂದು, "ನೋಡಪ್ಪಾ, ರಿಸರ್ವ್ ಬ್ಯಾಂಕಿನವರ ಲೆಕ್ಕ ಬಂದಿದೆ. ದೇಶದಲ್ಲಿ ಮನೆ ಬೆಲೆ ಏರಿದೆಯಂತೆ. ನಮ್ಮನೆಗೆ ಎಷ್ಟು ಏರಿರಬಹುದು, ಸ್ವಲ್ಪ ಲೆಕ್ಕ ಹಾಕಿ ಹೇಳು" ಎಂದರು.

ನಾನು ಲೆಕ್ಕ ಹಾಕಲಿಲ್ಲ. ಆ ಲೆಕ್ಕದಲ್ಲಿ ಮೈಸೂರೇ ಇಲ್ಲ.

ರಿಸರ್ವ್ ಬ್ಯಾಂಕು ಮೂರು ತಿಂಗಳಿಗೊಮ್ಮೆ ಮನೆ ಬೆಲೆ ಸೂಚ್ಯಂಕ ಪ್ರಕಟಿಸುತ್ತದೆ. ಬಹಳ ವರ್ಷ ಅದರಲ್ಲಿ ಹತ್ತೇ ನಗರಗಳಿದ್ದವು. 2010-11ನೇ ಸಾಲಿನ ಬೆಲೆಯನ್ನು 100 ಎಂದು ಇಟ್ಟುಕೊಂಡು ಲೆಕ್ಕ ಮಾಡುತ್ತಿದ್ದರು. ಇತ್ತೀಚೆಗೆ ಮೂಲ ವರ್ಷವನ್ನು 2022-23ಕ್ಕೆ ತಂದು, ನಗರಗಳನ್ನು 18ಕ್ಕೆ ಏರಿಸಿದ್ದಾರೆ. ಹೈದರಾಬಾದ್, ಪುಣೆ, ನಾಗಪುರ, ತಿರುವನಂತಪುರ ಎಲ್ಲ ಒಳಗೆ ಬಂದವು. ಕರ್ನಾಟಕದಿಂದ ಮೊದಲೂ ಬೆಂಗಳೂರೊಂದೇ, ಈಗಲೂ ಬೆಂಗಳೂರೊಂದೇ. ನ್ಯಾಷನಲ್ ಹೌಸಿಂಗ್ ಬ್ಯಾಂಕಿನ 'ರೆಸಿಡೆಕ್ಸ್' ಎಂಬ ಇನ್ನೊಂದು ಸೂಚ್ಯಂಕವಿದೆ. 2007ರಲ್ಲಿ ಶುರುವಾಗಿದ್ದು, ಈಗ 50 ನಗರಗಳನ್ನು ನೋಡುತ್ತದೆ. ಅದರಲ್ಲಿ ಕೊಯಮತ್ತೂರು ಇದೆ, ವಿಜಯವಾಡ ಇದೆ, ಮಹಾರಾಷ್ಟ್ರದ ಚಾಕಣ್ ಕೂಡ ಇದೆ. ಮೈಸೂರು ಇಲ್ಲ. ಮಂಡ್ಯದ ಮಾತು ಬಿಡಿ.

ಭಾವನಿಗೆ ಬೇಜಾರಾಯಿತು. "ಹಂಗಾದ್ರೆ ಬೆಂಗಳೂರಿನ ಲೆಕ್ಕದಲ್ಲಿ ಒಂದಿಷ್ಟು ಕಳೆದು ಹೇಳು" ಎಂದರು. ಬ್ರೋಕರುಗಳೂ ಹೀಗೇ ಮಾಡುತ್ತಾರೆ. ಆದರೆ ಕಳೆಯುವುದು ಯಾವುದರಿಂದ? ಸೂಚ್ಯಂಕ ಎಂಬುದು ಮನೆಯ ರೇಟಲ್ಲ. ಅದು ಯಾರೋ ಎಲ್ಲೋ ಬರೆದಿಟ್ಟ ಒಂದು ಕಾಗದದಲ್ಲಿರುವ ಸಂಖ್ಯೆಗಳ ಏರಿಳಿತ. ಯಾವ ಕಾಗದವನ್ನು ಹಿಡಿದಿರಿ ಎನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ.

ಭಾವನ ಮನೆಯನ್ನೇ ತೆಗೆದುಕೊಳ್ಳಿ. ಅದಕ್ಕೆ ಕಮ್ಮಿ ಎಂದರೂ ಐದು ರೇಟು ಇತ್ತು. ಒಂದು, ಅವರು ಬಾಯಲ್ಲಿ ಹೇಳುತ್ತಿದ್ದ ರೇಟು. ಇಂಟರ್ನೆಟ್ಟಿನಲ್ಲಿ ಜಾಹೀರಾತು ಹಾಕಿದರೆ ಕಾಣುವುದು ಇದೇ. ಎರಡು, ಕೊಳ್ಳುವವರು ಎದುರು ಕೂತು, ಕಾಫಿ ಕುಡಿದು, ಎದ್ದು ಹೋಗುವ ಹಾಗೆ ಮಾಡಿ, ಮತ್ತೆ ಕೂತು ಒಪ್ಪುವ ರೇಟು. ಮೂರು, ಸಬ್‌ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರದಲ್ಲಿ ಬರೆಸುವ ರೇಟು. ನಾಲ್ಕು, ಸರ್ಕಾರ ಆ ರಸ್ತೆಗೆ ಕಟ್ಟಿಟ್ಟ ಮಾರ್ಗಸೂಚಿ ದರ, ಅಂದರೆ ಗೈಡೆನ್ಸ್ ವ್ಯಾಲ್ಯೂ. ಐದು, ಸಾಲ ಕೊಡುವ ಬ್ಯಾಂಕಿನ ವ್ಯಾಲ್ಯುಯರ್ ಬಂದು ಟೇಪು ಹಿಡಿದು, ಗೋಡೆ ತಟ್ಟಿ ನೋಡಿ, ರಿಪೋರ್ಟಿನಲ್ಲಿ ಬರೆಯುವ ರೇಟು.

ರಿಸರ್ವ್ ಬ್ಯಾಂಕು ನೋಡುವುದು ಮೂರನೆಯದನ್ನು. ರಾಜ್ಯಗಳ ನೋಂದಣಿ ಇಲಾಖೆಗಳಿಂದ ಮಾಹಿತಿ ತರಿಸಿಕೊಳ್ಳುತ್ತದೆ. ರೆಸಿಡೆಕ್ಸ್‌ನಲ್ಲಿ ಎರಡು ಬಗೆ. ಒಂದು ಐದನೆಯ ರೇಟನ್ನು ನಂಬುತ್ತದೆ, ಅಂದರೆ ಬ್ಯಾಂಕುಗಳು ಮತ್ತು ಗೃಹಸಾಲ ಕಂಪನಿಗಳ ವ್ಯಾಲ್ಯುಯೇಷನ್. ಇನ್ನೊಂದು ಕಟ್ಟುತ್ತಿರುವ, ಇನ್ನೂ ಮಾರಾಟವಾಗದ ಫ್ಲಾಟುಗಳ ಬೆಲೆ, ಅಂದರೆ ಹೆಚ್ಚುಕಮ್ಮಿ ಮೊದಲನೆಯ ರೇಟಿನ ಸಂಬಂಧಿ. ಎರಡನೆಯದು, ಅಂದರೆ ನಿಜವಾಗಿ ಮಾತಾದ ರೇಟು, ಯಾವ ಸರ್ಕಾರಿ ಲೆಕ್ಕದಲ್ಲೂ ನೇರವಾಗಿ ಸಿಗುವುದಿಲ್ಲ. ನಮಗೆ ಬೇಕಾಗಿರುವುದು ಅದೊಂದೇ, ಅಲ್ವಾ?

ಅಕ್ಕಿಯಂತಲ್ಲ ಮನೆ

ಅಕ್ಕಿ, ಬೇಳೆಯ ಬೆಲೆ ಸೂಚ್ಯಂಕ ಮಾಡುವುದು ಇದರ ಮುಂದೆ ಸುಲಭದ ಕೆಲಸ. ಹೋದ ತಿಂಗಳು ಸೋನಾ ಮಸೂರಿ ಕೆಜಿಗೆ ಎಷ್ಟಿತ್ತು, ಈ ತಿಂಗಳು ಎಷ್ಟಿದೆ ಎಂದು ಅದೇ ಅಂಗಡಿಗೆ ಹೋಗಿ ಕೇಳಬಹುದು. ಅದೇ ಅಕ್ಕಿ, ಅದೇ ತೂಕ. ಮನೆ ಹಾಗಲ್ಲ. ಒಂದು ಮನೆ ಇಪ್ಪತ್ತು ಮೂವತ್ತು ವರ್ಷಕ್ಕೊಮ್ಮೆ ಮಾರಾಟವಾದರೆ ಹೆಚ್ಚು. ಈ ಮೂರು ತಿಂಗಳಲ್ಲಿ ಮಾರಾಟವಾದ ಮನೆಗಳು ಬೇರೆ, ಹೋದ ಮೂರು ತಿಂಗಳಲ್ಲಿ ಆದವು ಬೇರೆ. ಎರಡನ್ನೂ ಹೋಲಿಸುವುದು ಸೋರೆಕಾಯಿಯ ಪಕ್ಕ ಕುಂಬಳಕಾಯಿ ಇಟ್ಟ ಹಾಗೆ.

ಇದು ಸಣ್ಣ ತೊಂದರೆಯಲ್ಲ. ಒಂದು ಕಲ್ಪಿತ ಲೆಕ್ಕ ಮಾಡೋಣ. ಊರಿನಲ್ಲಿ ಮೊದಲ ಮೂರು ತಿಂಗಳಲ್ಲಿ ಹತ್ತು ಮನೆ ಮಾರಾಟವಾದವು ಎನ್ನಿ. ಎಂಟು ರಿಂಗ್ ರೋಡಿನ ಆಚೆ, ತಲಾ 50 ಲಕ್ಷ. ಎರಡು ಜಯಲಕ್ಷ್ಮೀಪುರಂನಲ್ಲಿ, ತಲಾ 2 ಕೋಟಿ. ಸರಾಸರಿ 80 ಲಕ್ಷ. ಮುಂದಿನ ಮೂರು ತಿಂಗಳಲ್ಲೂ ಹತ್ತೇ ಮನೆ. ಆದರೆ ಈ ಸಲ ಐದು ಆಚೆ, ಐದು ಜಯಲಕ್ಷ್ಮೀಪುರಂನಲ್ಲಿ. ಬೆಲೆ ಒಂದು ರೂಪಾಯಿಯೂ ಬದಲಾಗಿಲ್ಲ, ಅದೇ 50 ಲಕ್ಷ, ಅದೇ 2 ಕೋಟಿ. ಸರಾಸರಿ ಮಾತ್ರ 1.25 ಕೋಟಿಗೆ ಹಾರಿತು. ಶೇ 56ರಷ್ಟು ಏರಿಕೆ! ಯಾರ ಮನೆಯ ಬೆಲೆಯೂ ಏರಿಲ್ಲ.

"ಸರಾಸರಿ ಬೇಡ, ಸಾಲಾಗಿ ನಿಲ್ಲಿಸಿ ನಡುವಿನದನ್ನು ತೆಗೆಯಿರಿ" ಎನ್ನುವವರಿದ್ದಾರೆ. ಮಧ್ಯಾಂಕ ಎಂದರೆ ಅದೇ. ಸಾಮಾನ್ಯವಾಗಿ ಅದು ಸರಾಸರಿಗಿಂತ ಗಟ್ಟಿ. ಇಲ್ಲಿ ನೋಡಿ ತಮಾಷೆ: ಮೊದಲ ಸಲ ನಡುವಿನ ಬೆಲೆ 50 ಲಕ್ಷ, ಎರಡನೇ ಸಲ 50 ಲಕ್ಷ ಮತ್ತು 2 ಕೋಟಿಯ ನಡುಮಧ್ಯ, ಅಂದರೆ 1.25 ಕೋಟಿ. ಏರಿಕೆ ಶೇ 150. ಔಷಧಿ ರೋಗಕ್ಕಿಂತ ಜೋರಾಯಿತು.

ಹಾಗಾಗಿ ಸೂಚ್ಯಂಕ ಮಾಡುವವರು ಮೊದಲು ಮನೆಗಳನ್ನು ಗುಂಪು ಮಾಡುತ್ತಾರೆ. ಬಡಾವಣೆ ಪ್ರಕಾರ ಒಂದು ವಿಂಗಡಣೆ, ಗಾತ್ರದ ಪ್ರಕಾರ ಇನ್ನೊಂದು. ರೆಸಿಡೆಕ್ಸ್‌ನಲ್ಲಿ ಕಾರ್ಪೆಟ್ ಏರಿಯಾ 60 ಚದರ ಮೀಟರ್‌ವರೆಗೆ ಸಣ್ಣದು, 60ರಿಂದ 110 ಮಧ್ಯಮ, ಅದಕ್ಕೂ ಮೇಲೆ ದೊಡ್ಡದು. 60 ಚದರ ಮೀಟರ್ ಎಂದರೆ ಸುಮಾರು 645 ಚದರ ಅಡಿ, ನಮ್ಮ ಮೇಸ್ತ್ರಿಗಳ ಭಾಷೆಯಲ್ಲಿ ಆರೂವರೆ ಚದರಕ್ಕೆ ಹತ್ತಿರ. ಪ್ರತಿ ಗುಂಪಿನೊಳಗೆ ಮಾತ್ರ ಹಿಂದಿನದಕ್ಕೂ ಇಂದಿನದಕ್ಕೂ ಹೋಲಿಕೆ. ರಿಂಗ್ ರೋಡಿನ ಆಚೆಯದು ಆಚೆಯದಕ್ಕೆ, ಜಯಲಕ್ಷ್ಮೀಪುರಂನದು ಜಯಲಕ್ಷ್ಮೀಪುರಂಗೆ. ನಮ್ಮ ಲೆಕ್ಕದಲ್ಲಿ ಎರಡೂ ಕಡೆ ಏರಿಕೆ ಸೊನ್ನೆ. ಊರಿನ ಏರಿಕೆಯೂ ಸೊನ್ನೆ. ಸರಿಹೋಯಿತು.

ಆಮೇಲೆ ಗುಂಪುಗಳನ್ನು ಕೂಡಿಸಬೇಕು. ಇಲ್ಲಿ ತೂಕದ ಪ್ರಶ್ನೆ ಬರುತ್ತದೆ. ನಮ್ಮ ಎರಡೂ ಸೂಚ್ಯಂಕಗಳು ಬಳಸುವುದು ಲಾಸ್‌ಪೆಯರ್ಸ್ ಸೂತ್ರವನ್ನು. ಎಟಿಯೆನ್ ಲಾಸ್‌ಪೆಯರ್ಸ್ ಎಂಬ ಜರ್ಮನ್ ಅರ್ಥಶಾಸ್ತ್ರಜ್ಞ 19ನೇ ಶತಮಾನದಲ್ಲಿ ಕೊಟ್ಟಿದ್ದು. ಮೂಲ ವರ್ಷದಲ್ಲಿ ಯಾವ ಗುಂಪಿಗೆ ಎಷ್ಟು ತೂಕ ಎಂದು ಒಮ್ಮೆ ನಿಗದಿಮಾಡಿದರೆ, ಮುಂದೆ ಅದೇ ತೂಕ. ಮಾರಾಟದ ಮಿಶ್ರಣ ಬದಲಾದರೂ ತಕ್ಕಡಿ ಅಲುಗಾಡುವುದಿಲ್ಲ.

ಆದರೆ ಆ ಮೊದಲ ತೂಕ ಯಾವುದು? ನಮ್ಮ ಊರಿನಲ್ಲಿ ಆಚೆ ಕಡೆಯ ಮನೆಗಳ ಬೆಲೆ ಮಾತ್ರ ಶೇ 10 ಏರಿತು, ಜಯಲಕ್ಷ್ಮೀಪುರಂ ಹಾಗೇ ನಿಂತಿತು ಎಂದುಕೊಳ್ಳಿ. ಮನೆಗಳ ಎಣಿಕೆ ಮೇಲೆ ತೂಕ ಕೊಟ್ಟರೆ ಎಂಟಕ್ಕೆ ಎರಡು. ಸೂಚ್ಯಂಕ 108. ಹಣದ ಮೇಲೆ ತೂಕ ಕೊಟ್ಟರೆ ಎಂಟು ಮನೆಗಳ 4 ಕೋಟಿಗೂ ಎರಡು ಮನೆಗಳ 4 ಕೋಟಿಗೂ ಸಮ. ಸೂಚ್ಯಂಕ 105. ಅದೇ ಊರು, ಅದೇ ಮಾರಾಟ, ಅದೇ ಪ್ರಾಮಾಣಿಕ ಗುಮಾಸ್ತ. ಯಾವುದೂ ತಪ್ಪಲ್ಲ. ಮೊದಲನೆಯದು ಊರಿನ ಸಾಮಾನ್ಯ ಮನೆ ಏನಾಯಿತು ಎಂದು ಹೇಳುತ್ತದೆ, ಎರಡನೆಯದು ಊರಿನ ಒಟ್ಟು ಆಸ್ತಿ ಏನಾಯಿತು ಎಂದು. ಪೇಪರಿನ ಹೆಡ್‌ಲೈನಿನಲ್ಲಿ ಮಾತ್ರ ಎರಡೂ "ಮನೆ ಬೆಲೆ ಏರಿಕೆ"ಯೇ.

ಗುಂಪು ಮಾಡಿದರೂ ಒಳಗೆ ವ್ಯತ್ಯಾಸ ಉಳಿಯುತ್ತದೆ. ಒಂದೇ ಬಡಾವಣೆ, ಒಂದೇ ಗಾತ್ರ. ಆದರೆ ಒಂದು ಮನೆಗೆ ಪೂರ್ವದ ಬಾಗಿಲು, ಇನ್ನೊಂದಕ್ಕೆ ದಕ್ಷಿಣ. ಒಂದು ಕಾರ್ನರ್, ಇನ್ನೊಂದರ ಮುಂದೆ ಟ್ರಾನ್ಸ್‌ಫಾರ್ಮರ್. ಒಂದಕ್ಕೆ ಕಾವೇರಿ ನೀರಿನ ಕನೆಕ್ಷನ್, ಇನ್ನೊಂದಕ್ಕೆ ಬೋರ್‌ವೆಲ್ ಮಾತ್ರ. ಇಂಗ್ಲೆಂಡಿನಲ್ಲಿ ಇದಕ್ಕೆ ಹೆಡೋನಿಕ್ ಎಂಬ ವಿಧಾನ ಬಳಸುತ್ತಾರೆ. 2016ರ ಜೂನ್‌ನಿಂದ ಬ್ರಿಟನ್ನಿನ ಅಧಿಕೃತ ಸೂಚ್ಯಂಕ ಇದರ ಮೇಲೇ ನಿಂತಿದೆ. ಒಂದೊಂದು ಗುಣಕ್ಕೂ ಎಷ್ಟು ಬೆಲೆ ಎಂದು ಲೆಕ್ಕದಿಂದ ಬಿಡಿಸಿ, ಗುಣಗಳು ಬದಲಾಗದಿದ್ದರೆ ಬೆಲೆ ಎಷ್ಟು ಬದಲಾಗುತ್ತಿತ್ತು ಎಂದು ಕಂಡುಹಿಡಿಯುವುದು. ಮದುವೆ ಮನೆಯಲ್ಲಿ ಅಡುಗೆಯವರ ಒಟ್ಟು ಬಿಲ್ಲನ್ನು ನೋಡಿ, ಹೋಳಿಗೆಗೆ ಎಷ್ಟು, ಪಲ್ಯಕ್ಕೆ ಎಷ್ಟು ಎಂದು ಹಿಂದಕ್ಕೆ ಲೆಕ್ಕ ಹಾಕಿದ ಹಾಗೆ. ಒಂದು ಮದುವೆಯ ಬಿಲ್ಲಿನಿಂದ ಆಗುವುದಿಲ್ಲ, ನೂರು ಮದುವೆಯ ಬಿಲ್ಲು ಬೇಕು. ಅಲ್ಲಿ ಅದು ಸಾಧ್ಯ. 1995ರಿಂದೀಚೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಾರಾಟವಾದ ಮನೆಗಳ ಬೆಲೆಯನ್ನು ಲ್ಯಾಂಡ್ ರಿಜಿಸ್ಟ್ರಿ ಯಾರು ಬೇಕಾದರೂ ನೋಡುವಂತೆ ಇಟ್ಟಿದೆ.

ಅಮೆರಿಕದ ದಾರಿ ಬೇರೆ. ಕಾರ್ಲ್ ಕೇಸ್ ಮತ್ತು ರಾಬರ್ಟ್ ಶಿಲ್ಲರ್ 1980ರ ದಶಕದಲ್ಲಿ ಬೆಳೆಸಿದ ಮರುಮಾರಾಟ ವಿಧಾನ. ಬೇರೆ ಬೇರೆ ಮನೆಗಳನ್ನು ಹೋಲಿಸುವ ರಗಳೆಯೇ ಬೇಡ, ಒಂದೇ ಮನೆ ಎರಡು ಸಲ ಮಾರಾಟವಾದಾಗ ಆ ಎರಡು ಬೆಲೆಗಳನ್ನಷ್ಟೇ ನೋಡಿ ಎನ್ನುತ್ತದೆ ಇದು. ಕೇಳಲು ಚೆಂದ. ತೊಂದರೆ ಏನೆಂದರೆ, ಎರಡು ಸಲ ಮಾರಾಟವಾಗುವ ಮನೆ ಸಾಮಾನ್ಯ ಮನೆಯಲ್ಲ. ಬೇಗ ಬೇಗ ಕೈ ಬದಲಾಯಿಸುವುದು ಹೂಡಿಕೆಯವರ ಮನೆ. ಸರಸ್ವತಿಪುರಂನಲ್ಲಿ ಅಜ್ಜ ಕಟ್ಟಿಸಿ ಮೊಮ್ಮಗ ವಾಸಿಸುವ ಮನೆ ಈ ಲೆಕ್ಕಕ್ಕೆ ಬರುವುದೇ ಇಲ್ಲ. ನಡುವೆ ಮೇಲೊಂದು ಮಹಡಿ ಎತ್ತಿದ್ದರೆ ಅದು ಅದೇ ಮನೆಯೂ ಅಲ್ಲ.

ನಮ್ಮಲ್ಲಿ ಮಾರುವುದು ಸೈಟು, ಮನೆಯಲ್ಲ

ಮೈಸೂರಿಗೆ ಬಂದರೆ ಕತೆ ಇನ್ನೊಂದು ಸುತ್ತು ಸುತ್ತುತ್ತದೆ. ಮರುಮಾರಾಟದ್ದೊಂದು ಬಿಟ್ಟರೆ ಈ ವಿಧಾನಗಳೆಲ್ಲ ಮನೆಯ ವಿಸ್ತೀರ್ಣದಿಂದ ಬೆಲೆಯನ್ನು ಭಾಗಿಸುತ್ತವೆ, ಇಲ್ಲವೇ ವಿಸ್ತೀರ್ಣವನ್ನು ಮುಖ್ಯ ಗುಣವೆಂದು ಹಿಡಿಯುತ್ತವೆ. ಮುಂಬೈ, ನೋಯ್ಡಾಗಳಂಥ ಫ್ಲಾಟುಗಳ ಊರಿಗೆ ಅದು ಸರಿ. ಇಲ್ಲಿ ಜನ ಕೊಳ್ಳುವುದು ಹೆಚ್ಚಾಗಿ ಸ್ವಂತ ಜಾಗದ ಮೇಲಿನ ಮನೆ. ಅದರಲ್ಲೂ ಹಳೇ ಬಡಾವಣೆಗಳಲ್ಲಿ ಹಣ ಕೊಡುವುದು ನೆಲಕ್ಕೆ.

ಮತ್ತೆ ಕಲ್ಪಿತ ಸಂಖ್ಯೆ. ಒಂದು 30×40 ಸೈಟಿನಲ್ಲಿ ಹತ್ತು ಚದರದ ಹಳೇ ಮನೆ 1.2 ಕೋಟಿಗೆ ಹೋಯಿತು. ಚದರ ಅಡಿಗೆ 12,000 ರೂಪಾಯಿ. ಪಕ್ಕದ ಅದೇ ಅಳತೆಯ ಸೈಟಿನಲ್ಲಿ ಮೂವತ್ತು ಚದರದ ಹೊಸ ಮೂರು ಮಹಡಿ ಮನೆ 2.4 ಕೋಟಿಗೆ ಹೋಯಿತು. ಚದರ ಅಡಿಗೆ 8,000. ಸೋರುವ ತಾರಸಿ, ಕಿತ್ತುಹೋದ ಮೊಸಾಯಿಕ್ ನೆಲದ ಮನೆ ಗ್ರಾನೈಟಿನ ಮನೆಗಿಂತ ದುಬಾರಿ! ಒಂದು ತ್ರೈಮಾಸಿಕದಲ್ಲಿ ಇಂಥ ಹಳೇ ಮನೆಗಳು ಜಾಸ್ತಿ ಮಾರಾಟವಾದರೆ ಸೂಚ್ಯಂಕ ಸುಮ್ನೆ ಮೇಲೇಳುತ್ತದೆ. ಕಟ್ಟಡ ವರ್ಷ ವರ್ಷ ಸವೆಯುತ್ತದೆ, ನೆಲ ವರ್ಷ ವರ್ಷ ಬೆಳೆಯುತ್ತದೆ. ಎರಡನ್ನೂ ಒಂದೇ ಸಂಖ್ಯೆಯಲ್ಲಿ ತುಂಬಿ ಅದನ್ನು ಮನೆ ಬೆಲೆ ಎಂದು ಕರೆಯುವುದು ನಮ್ಮಂಥ ಊರಿಗೆ ಹೊಂದುವುದಿಲ್ಲ ಎಂದು ನನ್ನ ಅಭಿಪ್ರಾಯ.

ಕಾಗದದ ತೊಂದರೆ ಇದಕ್ಕಿಂತ ದೊಡ್ಡದು. ಕರ್ನಾಟಕದಲ್ಲಿ ಕ್ರಯಕ್ಕೆ ಸ್ಟಾಂಪ್ ಡ್ಯೂಟಿ ಶೇ 5. ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು ಶೇ 7.6. ಒಂದು ಕೋಟಿ ಎಂದು ಬರೆಸಿದರೆ 7.6 ಲಕ್ಷ ಕಚೇರಿಗೇ ಹೋಯಿತು. ಮಾರುವವರಿಗೆ ಲಾಭದ ಮೇಲಿನ ತೆರಿಗೆ ಬೇರೆ. ಡ್ಯೂಟಿ ಕಟ್ಟಬೇಕಾಗಿರುವುದು ಬರೆಸಿದ ಬೆಲೆ ಅಥವಾ ಮಾರ್ಗಸೂಚಿ ದರ, ಎರಡರಲ್ಲಿ ಹೆಚ್ಚಿನದರ ಮೇಲೆ. ಮಾತಾದ ರೇಟು ಮಾರ್ಗಸೂಚಿಗಿಂತ ಮೇಲಿದ್ದರೆ, ಕಾಗದದ ರೇಟು ಮಾರ್ಗಸೂಚಿಯ ಹತ್ತಿರ ಬಂದು ಕೂರುವ ಆಸೆ ಎರಡೂ ಕಡೆಗೂ ಇರುತ್ತದೆ. ಬ್ಲಾಕು, ವೈಟು ಎಂದು ಟೀ ಅಂಗಡಿಯಲ್ಲೂ ಗೊತ್ತಿರುವ ವಿಷಯ ಇದೇ. ಎಲ್ಲರೂ ಹಾಗೆ ಮಾಡುತ್ತಾರೆ ಎಂದಲ್ಲ. ಸಾಲ ತೆಗೆಯುವವರು ಪೂರ್ತಿ ಬರೆಸಲು ನೋಡುತ್ತಾರೆ. ಯಾಕೆಂದರೆ 75 ಲಕ್ಷಕ್ಕಿಂತ ದೊಡ್ಡ ಸಾಲವಾದರೆ ಬ್ಯಾಂಕು ಆಸ್ತಿಯ ಬೆಲೆಯ ಶೇ 75ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಕಾಗದದಲ್ಲಿ ಕಡಿಮೆ ಬರೆಸಿದರೆ ಸಾಲವೂ ಕಡಿಮೆ.

ಒಂದು ಮಾತು ನೋಂದಣಿ ಲೆಕ್ಕದ ಪರವಾಗಿ ಹೇಳಲೇಬೇಕು. ಸೂಚ್ಯಂಕಕ್ಕೆ ಬೇಕಾಗಿರುವುದು ಬೆಲೆಯಲ್ಲ, ಬೆಲೆಯ ಬದಲಾವಣೆ. ಊರಿನವರೆಲ್ಲ ಯಾವಾಗಲೂ ನಿಜವಾದ ರೇಟಿನ ಮುಕ್ಕಾಲು ಭಾಗವನ್ನಷ್ಟೇ ಬರೆಸುತ್ತಿದ್ದರೆ ಏನೂ ತೊಂದರೆಯಿಲ್ಲ. ನಿಜವಾದದ್ದು ಶೇ 10 ಏರಿದರೆ ಕಾಗದದ್ದೂ ಶೇ 10 ಏರುತ್ತದೆ. ಸುಳ್ಳು ಒಂದೇ ಅಳತೆಯಲ್ಲಿದ್ದರೆ ಸೂಚ್ಯಂಕ ಸರಿಯಾಗಿಯೇ ಇರುತ್ತದೆ. ತಮಾಷೆ ಅನ್ನಿಸಿದರೂ ನಿಜ.

ಆದರೆ ಅಳತೆ ಒಂದೇ ಇರುವುದಿಲ್ಲ. ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. 2022ರ ಆರಂಭದಲ್ಲಿ ಸರ್ಕಾರ ಮಾರ್ಗಸೂಚಿ ದರದಲ್ಲಿ ಕೆಲವು ತಿಂಗಳು ಶೇ 10 ರಿಯಾಯಿತಿ ಕೊಟ್ಟಿತು. 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ದರ ಪರಿಷ್ಕರಣೆಯಾಯಿತು, ಸರಾಸರಿ ಶೇ 25ರಿಂದ 30ರಷ್ಟು ಏರಿಕೆ ಎಂದು ಸರ್ಕಾರವೇ ಹೇಳಿತು. ಅದಕ್ಕೆ ಮುಂಚೆ ಸೆಪ್ಟೆಂಬರಿನಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಗಳ ಮುಂದೆ ಜಾತ್ರೆ. ಅಕ್ಟೋಬರಿನಲ್ಲಿ ಮಾಡಬೇಕಾಗಿದ್ದ ಕ್ರಯವೂ ಸೆಪ್ಟೆಂಬರಿಗೆ ಬಂತು. ಈಗ ಸೂಚ್ಯಂಕದವರ ಮೇಜಿನ ಮೇಲೆ ಏನು ಕಾಣುತ್ತದೆ? ಸೆಪ್ಟೆಂಬರ್ ತನಕ ಹಳೇ ದರದ ಅಕ್ಕಪಕ್ಕದ ಬೆಲೆಗಳು, ಅಕ್ಟೋಬರಿನಿಂದ ಒಮ್ಮೆಗೇ ಮೇಲೆ ಹಾರಿದ ಬೆಲೆಗಳು. ಮಾರುಕಟ್ಟೆ ಅದೇ ದಿನ ಏರಿತೇ? ಇಲ್ಲ. ಕಾಗದ ಏರಿತು. ಅಂಥ ತ್ರೈಮಾಸಿಕದ ಸಂಖ್ಯೆ ಓದುವಾಗ ಮನೆಗಿಂತ ವಿಧಾನಸೌಧವನ್ನು ಹೆಚ್ಚು ನೋಡಬೇಕು.

ಇನ್ನು ಕೆಲವು ಪತ್ರಗಳನ್ನು ತೆಗೆದೇ ಹಾಕಬೇಕು. ಅಪ್ಪ ಮಗನಿಗೆ ಬರೆದ ದಾನಪತ್ರ, ಅಣ್ಣತಮ್ಮಂದಿರ ವಿಭಾಗಪತ್ರ, ನೆಂಟರ ನಡುವೆ ನಾಮಕಾವಸ್ತೆ ಬೆಲೆಗೆ ಆದ ಕ್ರಯ. ಇವು ಮಾರುಕಟ್ಟೆಯ ಬೆಲೆಯಲ್ಲ. 2024ರಿಂದ ಜಿಲ್ಲೆಯ ಯಾವ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಬೇಕಾದರೂ ನೋಂದಣಿ ಮಾಡಿಸಬಹುದು. ಜನರಿಗೆ ಅನುಕೂಲವಾಯಿತು. ಆದರೆ ಇಂತಹ ಕಚೇರಿಯ ಕ್ರಯ ಎಂದರೆ ಇಂತಹ ಬಡಾವಣೆಯದು ಎಂದು ಇನ್ನು ಹೇಳುವ ಹಾಗಿಲ್ಲ. ಪತ್ರದ ಷೆಡ್ಯೂಲು, ಅಂದರೆ ಆಸ್ತಿಯ ವಿವರ ಬರೆದ ಭಾಗ, ಓದಿಯೇ ಬಡಾವಣೆ ಹುಡುಕಬೇಕು.

ಹಾಗಾದರೆ ಬ್ಯಾಂಕಿನ ವ್ಯಾಲ್ಯುಯೇಷನ್ ವಾಸಿಯೇ? ಅದರಲ್ಲಿ ಬ್ಲಾಕು, ವೈಟಿನ ಗಲಾಟೆ ಕಡಿಮೆ. ಆದರೆ ಸಾಲವಿಲ್ಲದೆ ಕೊಳ್ಳುವವರು ಅದರಲ್ಲಿ ಇಲ್ಲವೇ ಇಲ್ಲ. ಮೈಸೂರಿನಲ್ಲಿ ಪಿಂಚಣಿ ಹಣದಿಂದ, ಬೆಂಗಳೂರಿನ ಫ್ಲಾಟು ಮಾರಿದ ಹಣದಿಂದ ಮನೆ ಕೊಳ್ಳುವವರು ಕಡಿಮೆಯೇನಲ್ಲ. ಖಾತೆ ಸರಿಯಿಲ್ಲದ ಸೈಟಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಅವೂ ಇಲ್ಲ. ಇನ್ನೊಂದು, ವ್ಯಾಲ್ಯುಯರ್ ಬರೆಯುವಾಗ ಹಿಂದಿನ ರಿಪೋರ್ಟನ್ನು ಒಂದು ಕಣ್ಣಲ್ಲಿ ನೋಡಿಕೊಂಡೇ ಬರೆಯುತ್ತಾನೆ. ಅದರ ಮೇಲೆ ರೆಸಿಡೆಕ್ಸ್ ನಾಲ್ಕು ತ್ರೈಮಾಸಿಕಗಳ ಸರಾಸರಿ ಹಿಡಿದು ನಯ ಮಾಡುತ್ತದೆ. ಗೆರೆ ಚೆಂದ ಕಾಣುತ್ತದೆ. ಮಾರುಕಟ್ಟೆ ತಿರುಗಿದ್ದು ತಿಳಿಯುವ ಹೊತ್ತಿಗೆ ಮಾತ್ರ ತಡವಾಗಿರುತ್ತದೆ.

ಭಾವ ನಡುವೆ ಇನ್ನೊಂದು ಗೊಂದಲ ತಂದರು. ಅವರ ಆಡಿಟರು "ಇಂಡೆಕ್ಸ್ ಹಾಕಿದರೆ ತೆರಿಗೆ ಕಡಿಮೆ" ಎಂದಿದ್ದರಂತೆ. ಅದು ಬೇರೆಯೇ ಇಂಡೆಕ್ಸು. 2001-02ನ್ನು 100 ಎಂದು ಹಿಡಿದು ಆದಾಯ ತೆರಿಗೆ ಇಲಾಖೆ ಕೊಡುವ ವೆಚ್ಚ ಹಣದುಬ್ಬರ ಸೂಚ್ಯಂಕ. ಅದು ನಗರದ ಗ್ರಾಹಕ ಬೆಲೆಗಳನ್ನು ಹಿಂಬಾಲಿಸುತ್ತದೆ, ಮನೆ ಬೆಲೆಯನ್ನಲ್ಲ. ಗ್ರಾಹಕ ಬೆಲೆ ಸೂಚ್ಯಂಕದಲ್ಲಿ 'ವಸತಿ' ಎಂದು ಇರುವುದೂ ಮನೆಯ ಬೆಲೆಯಲ್ಲ, ಬಾಡಿಗೆ. 2012ನ್ನು ಮೂಲ ವರ್ಷವಾಗಿಟ್ಟ ಸರಣಿಯಲ್ಲಿ ನಗರಗಳಿಗೆ ಅದರ ತೂಕ ಶೇ 21.67 ಇತ್ತು. ನಮ್ಮ ಕಡೆಯ ಭೋಗ್ಯದ ಮನೆಯನ್ನು, ಅಂದರೆ ಹತ್ತು ಹನ್ನೆರಡು ಲಕ್ಷ ಒಟ್ಟಿಗೆ ಕೊಟ್ಟು ತಿಂಗಳ ಬಾಡಿಗೆಯೇ ಇಲ್ಲದೆ ಇರುವ ಮನೆಯನ್ನು, ಬಾಡಿಗೆ ಲೆಕ್ಕದಲ್ಲಿ ಹೇಗೆ ತೂಗುವುದು ಎಂಬುದು ಇನ್ನೊಂದು ಲೇಖನಕ್ಕಾಗುವ ವಿಷಯ.

ಮಂಡ್ಯದ ಕಡೆ ಇದೇ ಕಾಗದ

ಇದೆಲ್ಲ ಬರೀ ಅಂಕಿಅಂಶದವರ ಚಿಂತೆ ಎಂದುಕೊಳ್ಳಬೇಡಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಮೇಲೆ ಮಂಡ್ಯ, ಮದ್ದೂರಿನ ಸುತ್ತ ಗದ್ದೆಯ ಬದುವಿನಲ್ಲೂ ರೇಟಿನ ಮಾತು ಶುರುವಾಗಿದೆ. ನಾಲೆ ನೀರಿನ ಗದ್ದೆಗೂ ರಸ್ತೆ ಪಕ್ಕದ ತುಂಡಿಗೂ ಗುಂಟೆ ಲೆಕ್ಕದಲ್ಲಿ ಬಾಯಿರೇಟು ಒಂದು, ಕಾಗದದ ರೇಟು ಒಂದು.

ನಾಳೆ ರಸ್ತೆಗೋ, ಕೈಗಾರಿಕೆಗೋ ಸರ್ಕಾರ ಜಮೀನು ತೆಗೆದುಕೊಂಡರೆ ಪರಿಹಾರ ಯಾವುದರ ಮೇಲೆ? 2013ರ ಭೂಸ್ವಾಧೀನ ಕಾಯ್ದೆಯ 26ನೇ ಕಲಮು ಇದನ್ನು ಹೇಳುತ್ತದೆ. ಸ್ಟಾಂಪು ಕಾಯ್ದೆ ಪ್ರಕಾರದ ದರ ಒಂದು ಕಡೆ. ಹಿಂದಿನ ಮೂರು ವರ್ಷಗಳಲ್ಲಿ ಹತ್ತಿರದ ಅಂಥದೇ ಜಮೀನುಗಳಿಗೆ ಆದ ಕ್ರಯಪತ್ರಗಳ ಸರಾಸರಿ ಇನ್ನೊಂದು ಕಡೆ. ಯಾವುದು ಹೆಚ್ಚೋ ಅದು. ಸರಾಸರಿ ಮಾಡುವಾಗ ಎಲ್ಲ ಪತ್ರಗಳನ್ನೂ ಹಿಡಿಯುವುದಿಲ್ಲ, ಹೆಚ್ಚು ಬೆಲೆ ಬರೆಸಿದ ಅರ್ಧ ಭಾಗ ಪತ್ರಗಳನ್ನಷ್ಟೇ ಹಿಡಿಯುತ್ತಾರೆ. ಕಾನೂನು ಬರೆದವರಿಗೂ ಕಾಗದದ ಕತೆ ಗೊತ್ತಿತ್ತು ಅನ್ನಿ. ಆದರೆ ಊರಿನವರೆಲ್ಲ ಡ್ಯೂಟಿ ಉಳಿಸಲು ಮಾರ್ಗಸೂಚಿ ದರಕ್ಕೇ ಬರೆಸಿದ್ದರೆ ಮೇಲಿನ ಅರ್ಧವೂ ಅಷ್ಟಕ್ಕೇ ನಿಂತಿರುತ್ತದೆ. ಅಂದು ಕೆಲವು ಸಾವಿರ ಉಳಿಸಿದವನು ಬೇರೆ, ಇಂದು ಪರಿಹಾರದಲ್ಲಿ ಕಳೆದುಕೊಳ್ಳುವವನು ಬೇರೆ. ಪಕ್ಕದ ಸರ್ವೆ ನಂಬರಿನವನು.

ಮೈಸೂರಿಗೆ ಅಂತಲೇ ಒಂದು ಸೂಚ್ಯಂಕ ಮಾಡಿದರೆ ಹೇಗಿರಬೇಕು ಎಂದು ನಾನು ಆಗಾಗ ಯೋಚಿಸುತ್ತೇನೆ. ನನ್ನನ್ನು ಕೇಳಿದರೆ ಅದು ಮನೆ ಸೂಚ್ಯಂಕವಾಗಬಾರದು, ಸೈಟು ಸೂಚ್ಯಂಕವಾಗಬೇಕು. ಈ ಊರಿಗೆ ಒಂದು ಭಾಗ್ಯವಿದೆ. 1903ರಲ್ಲೇ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. 1988ರಲ್ಲಿ ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ ಬಂತು, ಈಗ ಅದು ಮೈಸೂರು ಅಭಿವೃದ್ಧಿ ಪ್ರಾಧಿಕಾರ. ನೂರಿಪ್ಪತ್ತು ವರ್ಷದಿಂದ ಗೆರೆ ಎಳೆದು ಲೇಔಟು ಮಾಡಿದ ಊರು ಇದು. 20×30, 30×40, 40×60, 50×80. ವಿಜಯನಗರದಲ್ಲಾಗಲಿ, ದಟ್ಟಗಳ್ಳಿಯಲ್ಲಾಗಲಿ ಒಂದು 30×40 ಇನ್ನೊಂದು 30×40ರಂತೆಯೇ 1,200 ಚದರ ಅಡಿ. ಅಕ್ಕಿಯ ಕೆಜಿಗೆ ಹತ್ತಿರವಾದದ್ದು ನಮ್ಮಲ್ಲಿ ಏನಾದರೂ ಇದ್ದರೆ ಇದೇ. ಕಟ್ಟಡದ ಸವಕಳಿ, ಗ್ರಾನೈಟು, ಮಾಡ್ಯುಲರ್ ಕಿಚನ್ನು ಯಾವ ತಲೆನೋವೂ ಇಲ್ಲ.

ಮರುಮಾರಾಟದ ಲೆಕ್ಕಕ್ಕೂ ದಾರಿ ಇದೆ. 2004ರ ಏಪ್ರಿಲ್‌ನಿಂದ ಈಚಿನ ಇ.ಸಿ.ಗಳು, ಅಂದರೆ ಋಣಭಾರ ಪ್ರಮಾಣಪತ್ರಗಳು, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತವೆ. ಒಂದು ಸೈಟು ಎಷ್ಟು ಸಲ ಕೈ ಬದಲಾಯಿತು, ಪ್ರತಿಸಲ ಎಷ್ಟು ಬರೆಸಿದರು ಎಲ್ಲ ಅದರಲ್ಲೇ ಇದೆ. ಖಾಲಿ ಸೈಟು ಹತ್ತು ವರ್ಷದ ಮೇಲೂ ಖಾಲಿ ಸೈಟೇ, ಮನೆಯಂತೆ ಬದಲಾಗಿರುವುದಿಲ್ಲ.

ಉಳಿದದ್ದು ಬ್ಲಾಕಿನ ಪ್ರಶ್ನೆ. ಅದಕ್ಕೂ ಒಂದು ಅಳತೆಗೋಲು ಊರಲ್ಲೇ ಇದೆ. ಪ್ರಾಧಿಕಾರ ಮೂಲೆ ಸೈಟುಗಳನ್ನು ಇ-ಹರಾಜಿನಲ್ಲಿ ಮಾರುತ್ತದೆ. ಹರಾಜಿನಲ್ಲಿ ಕೂಗಿದ್ದೇ ಕಾಗದದ ಬೆಲೆ, ಮೇಜಿನ ಕೆಳಗೆ ಏನೂ ಇಲ್ಲ. ಮೂಲೆ ಸೈಟು ನಡುವಿನ ಸೈಟಿಗಿಂತ ದುಬಾರಿ, ಹರಾಜಿನ ಹುಮ್ಮಸ್ಸಿನಲ್ಲಿ ಇನ್ನೂ ಸ್ವಲ್ಪ ಮೇಲೆ ಹೋಗುತ್ತದೆ, ನಿಜ. ಅದನ್ನು ಕಳೆದುಕೊಂಡು, ಅದೇ ಲೇಔಟಿನ ಕ್ರಯಪತ್ರಗಳ ಬೆಲೆಗೂ ಹರಾಜಿನ ಬೆಲೆಗೂ ಅಂತರ ವರ್ಷ ವರ್ಷ ಹಿಗ್ಗುತ್ತಿದೆಯೋ, ಕುಗ್ಗುತ್ತಿದೆಯೋ ನೋಡಿದರೆ ಸಾಕು. ಸುಳ್ಳಿನ ಅಳತೆ ಒಂದೇ ಇದೆಯೋ ಇಲ್ಲವೋ ಎಂದು ಅದರಿಂದಲೇ ಗೊತ್ತಾಗುತ್ತದೆ.

ಭಾವ ಇದನ್ನೆಲ್ಲ ಕೇಳಿ, "ಸರಿಯಪ್ಪಾ, ನಾನೀಗ ಎಷ್ಟು ಹೇಳಲಿ ಅದನ್ನು ಹೇಳು" ಎಂದರು. ನಾವು ಕೊನೆಗೆ ಮಾಡಿದ್ದು ಇಷ್ಟೇ. ಅವರ ರಸ್ತೆಯಲ್ಲಿ ಮತ್ತು ಹಿಂದಿನ ಎರಡು ಕ್ರಾಸಿನಲ್ಲಿ ಈಚೆಗೆ ಮಾರಾಟವಾದ ಮೂರು ಮನೆಗಳ ಹಳೇ ಮಾಲೀಕರನ್ನು ಹೋಗಿ ಕಂಡೆವು. ಇಬ್ಬರು ರೇಟು ಹೇಳಿದರು, ಒಬ್ಬರು ಕಾಫಿ ಕೊಟ್ಟು ಬೇರೆ ಮಾತಾಡಿದರು. ಇಬ್ಬರು ಹೇಳಿದ್ದರ ಮಧ್ಯದಲ್ಲಿ ಭಾವ ತಮ್ಮ ರೇಟು ಇಟ್ಟರು. ಕೊಂಡವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡಹೆಂಡತಿ. ಸಾಲ ತೆಗೆದಿದ್ದರಿಂದ ಮಾತಾದ ರೇಟು ಪೂರ್ತಿ ಪತ್ರಕ್ಕೆ ಬಂತು. ಷೆಡ್ಯೂಲಿನಲ್ಲಿ ಹತ್ತು ಚದರದ ಆರ್‌ಸಿಸಿ ಮನೆ, ನೀರು ವಿದ್ಯುತ್ ಸಂಪರ್ಕ ಸಹಿತ ಎಂದು ಬರೆಸಿದ್ದಾರೆ. ಮೂರನೇ ತಿಂಗಳಿಗೆ ಜೆಸಿಬಿ ಬಂತು. ತೆಂಗಿನಮರವನ್ನು ಮಾತ್ರ ಇನ್ನೂ ಕಡಿದಿಲ್ಲ.